ಏರಿನ ಮೇಲೆ ಹದಿನಾಲ್ಕು

ಗಾಳಿಯ ಒತ್ತಡ ಎಂಟಾಗುವ ತನಕ ಪೈಪು ಸುಮ್ಮನಿತ್ತು. ಹತ್ತಕ್ಕೂ ಸುಮ್ಮನಿತ್ತು.

ಮಸ್ಕಿಯ ತನ್ನ ಶೆಡ್ಡಿನಲ್ಲಿ ಮೇಸ್ತ್ರಿ ಅಮೀನ್‌ಸಾಬ್ ಕಂಪ್ರೆಸರಿನ ತಿರುಪನ್ನು ಇನ್ನಷ್ಟು ತಿರುವಿದ. ಮೀಟರಿನ ಮುಳ್ಳು ಹತ್ತು ದಾಟಿ ಹನ್ನೊಂದರ ಕಡೆ ಹೊರಟಿತು. ನಾನು ಪೈಪಿನ ಉದ್ದಕ್ಕೂ ಸೋಪಿನ ನೀರು ಸವರುತ್ತ ಬಂದೆ. ಕೆಳಹೊಟ್ಟೆಯಲ್ಲಿ, ಕ್ಲಿಪ್ಪಿನ ಪಕ್ಕಕ್ಕೆ, ರಬ್ಬರು ಬಾಯಿಬಿಟ್ಟಿತು. ಬುಸ್ಸೆಂದು ನೊರೆ ಎದ್ದು ನನ್ನ ತೋಳಿಗೆ ಬಡಿಯಿತು.

ಬೆರಳುದ್ದದ ಸೀಳು. ಗಾಳಿ ಇಳಿಸಿದ ಕೂಡಲೇ ತುಟಿ ಮುಚ್ಚಿಕೊಂಡು ಏನೂ ಅರಿಯದ ಕೂಸಿನಂತೆ ಕುಳಿತಿತು.

ಸಿಂಧನೂರಿನ ಪಂಪಣ್ಣನ ಲಾರಿಯ ಟರ್ಬೊ ಪೈಪು ಅದು. ಒಂಬತ್ತು ದಿನದ ಹಿಂದೆ, ಮಂಗಳವಾರ, ಅಕ್ಕಿ ಹೇರಿಕೊಂಡು ಹೊರಟ ಆ ಲಾರಿ ಮಸ್ಕಿ ದಾಟಿದ ಮೇಲಿನ ಏರಿನಲ್ಲಿ ಎಳೆತ ಕಳೆದುಕೊಂಡು ನಿಂತಿತು, ಗಾಲಿಗೆ ಕಲ್ಲು ಕೊಡಲು ಇಳಿದ ಡ್ರೈವರ್ ದುರುಗಪ್ಪನ ಮೇಲೆಯೇ ಹಿಂದಕ್ಕೆ ಜಾರಿತು ಎಂಬುದು ಊರೆಲ್ಲ ಒಪ್ಪಿದ ಕಥೆ. ಕ್ಲೀನರ್ ಜ್ವರ ಬಂದು ಮನೆಯಲ್ಲಿದ್ದ. ಲಾರಿಯಲ್ಲಿ ದುರುಗಪ್ಪ ಒಬ್ಬನೇ.

ಮುರಿದ ಗಾಡಿಗಳನ್ನು ನೋಡಿ, ಯಾಕೆ ಮುರಿಯಿತು ಎಂದು ವಿಮೆಯವರಿಗೆ ಬರೆದುಕೊಡುವುದು ನನ್ನ ಕಸುಬು. ಲಿಂಗಸುಗೂರಿನಲ್ಲಿ 'ಸರ್ವೇಯರ್ ಅಮರಗುಂಡಪ್ಪ' ಅಂದರೆ ಆಫೀಸಿನ ಬಾಗಿಲಿಗೆ ತಂದು ನಿಲ್ಲಿಸುತ್ತಾರೆ. ಆ ಮಂಗಳವಾರ ನಾನು ರಾಯಚೂರಿಗೆ ಹೋಗಿದ್ದೆ. ಊರಲ್ಲಿದ್ದಿದ್ದರೆ ರಕ್ತ ಒಣಗುವ ಮೊದಲೇ ಜಾಗ ನೋಡುತ್ತಿದ್ದೆ, ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು.

ಈಗ ಉಳಿದದ್ದು ಒಂದೇ ಹಗಲು. ಸಂಜೆ ಐದಕ್ಕೆ ಮಸ್ಕಿ ಠಾಣೆಗೆ ನನ್ನ ವರದಿ ಹೋಗಬೇಕು. ಲಾರಿ ಕೆಟ್ಟಿದ್ದು ಅದನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯ ಕೈಯಿಂದ ಎಂದು ನಾನು ಸಹಿ ಹಾಕಿದರೆ, ರಾತ್ರಿಯ ಊಟ ಅಮೀನ್‌ಸಾಬನಿಗೆ ಲಾಕಪ್ಪಿನಲ್ಲಿ.

ಅಂಥ ಮನುಷ್ಯನಿಗೆ ಈ ಸೀಳು ಕಂಡಾಗ ಹೋದ ಜೀವ ಬಂದ ಹಾಗೆ ಆಗಬೇಕಿತ್ತು. ಪೈಪು ಸೀಳಿದ್ದು ಅವನ ತಪ್ಪಲ್ಲವಲ್ಲ. ನಾನು ಅವನ ಮುಖ ನೋಡಿದೆ. ಬಣ್ಣ ಇಳಿದಿತ್ತು. ಸೋಪಿನ ನೀರಿನ ಡಬ್ಬಿಯನ್ನು ನೆಲಕ್ಕಿಟ್ಟು, ಕೈ ಒರೆಸಿಕೊಂಡು, ಶೆಡ್ಡಿನ ಹಿಂದಿನ ಮನೆಗೆ ಹೋದ. ಒಳಗಿಂದ ಅವನ ಹೆಂಡತಿ ದಾವಲ್‌ಬೀ ಚಹಾ ತಂದಿಟ್ಟಳು. ಅವನು ಹೊರಗೆ ಬರಲಿಲ್ಲ.

ನನಗೆ ಸಿಟ್ಟು ಬಂತು. ಮೂವತ್ತು ವರ್ಷದಿಂದ ಸುಳ್ಳು ಹೇಳುವವರ ನಡುವೆಯೇ ಅನ್ನ ದುಡಿದವನು ನಾನು. ಆದರೆ ತನ್ನನ್ನು ಉಳಿಸುವ ಸತ್ಯ ಕಂಡು ಹೆದರುವವನನ್ನು ಅಂದೇ ಮೊದಲು ನೋಡಿದ್ದು.

ಪೈಪನ್ನು ಬಿಸಿಲಿಗೆ ಒಯ್ದು ಸೀಳನ್ನು ಬಿಡಿಸಿ ನೋಡಿದೆ. ಟರ್ಬೊದ ಗಾಳಿಯ ಜೊತೆಗೆ ಎಣ್ಣೆಯ ಪಸೆಯೂ ಬರುತ್ತದೆ. ಹರಿದ ಪೈಪಿನಲ್ಲಿ ಲಾರಿ ಒಂದು ಫರ್ಲಾಂಗು ಓಡಿದರೂ ಸಾಕು, ಸೀಳಿನ ಸುತ್ತ ಎಣ್ಣೆ ಚಿಮ್ಮಿ, ಧೂಳು ಮೆತ್ತಿ, ಕಪ್ಪು ಮೀಸೆ ಮೂಡುತ್ತದೆ. ಇಲ್ಲಿ ಮೀಸೆ ಇರಲಿಲ್ಲ. ಬ್ಲೇಡಿನಲ್ಲಿ ಎಳೆದ ಸೀಳಿನ ಅಂಚು ತೊಳೆದಿಟ್ಟಷ್ಟು ಚೊಕ್ಕವಾಗಿತ್ತು.

ಈ ಪೈಪು ಕೊಯ್ದ ಮೇಲೆ ಆ ಎಂಜಿನ್ ಓಡಿಯೇ ಇಲ್ಲ.

ಆ ಲಾರಿಯ ವಿಷಯ ಸ್ವಲ್ಪ ಹೇಳಬೇಕು. ಟರ್ಬೊ ಗಾಡಿಗಳು ನಮ್ಮ ಕಡೆ ಬಂದು ಆಗ ಎರಡು ಮೂರು ವರ್ಷವಷ್ಟೇ. ಎಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ ಅದು. ಗಾಳಿ ಹೆಚ್ಚಿದ್ದಷ್ಟೂ ಡೀಸೆಲ್ ಹೆಚ್ಚು ಸುಡಬಹುದು, ಎಳೆತ ಹೆಚ್ಚು. ತೊಂಬತ್ತಾರರ ಡಿಸೆಂಬರಿನಲ್ಲಿ ಅಮೀನ್‌ಸಾಬ್ ಪಂಪಿನ ತಿರುಪು ಬಿಚ್ಚಿ ಡೀಸೆಲ್ ಏರಿಸಿದ್ದ. ಗಾಳಿಯ ಒತ್ತಡ ಕಾಣಲೆಂದು ಸ್ಟೇರಿಂಗಿನ ಪಕ್ಕ ಒಂದು ಮೀಟರ್ ಕೂರಿಸಿದ್ದ. ತುಂಬಿದ ಲಾರಿ ಏರಿನ ಮೇಲೆ ಹದಿನಾಲ್ಕು ತೋರಿಸಬೇಕು. ಹದಿನಾಲ್ಕಿದ್ದರೆ ಗಾಡಿ ಆರೋಗ್ಯವಾಗಿದೆ ಎಂದರ್ಥ.

ಮೇಸ್ತ್ರಿ ಕೈಯಾಡಿಸಿಯೇ ಲಾರಿ ಕೆಟ್ಟಿತು, ಅದರಿಂದಲೇ ನನ್ನ ಡ್ರೈವರ್ ಸತ್ತ ಎಂದು ಪಂಪಣ್ಣ ಠಾಣೆಯಲ್ಲಿ ಬರೆದುಕೊಟ್ಟಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವರು ಠಾಣೆಯಲ್ಲಿದ್ದರು. ಸಾಲದ್ದಕ್ಕೆ ದುರುಗಪ್ಪನ ಪುಸ್ತಕವೂ ಅದನ್ನೇ ಹೇಳುತ್ತಿತ್ತು.

ಡ್ರೈವರಿಕೆಗೆ ಬರುವ ಮೊದಲು ದುರುಗಪ್ಪ ದಢೇಸುಗೂರಿನ ಕಡೆ ಕಾಲುವೆಯ ಮೇಲೆ ದಿನಗೂಲಿಗೆ ನೀರಿನ ಮಟ್ಟ ಬರೆಯುತ್ತಿದ್ದವನು. ಗೇಜಿನ ಕಲ್ಲು ನೋಡು, ಗಂಟೆ ಬರೆ, ಅಂಕಿ ಬರೆ. ಕೆಲಸ ಬಿಟ್ಟರೂ ಚಟ ಬಿಡಲಿಲ್ಲ. ಶಾಲೆಯ ನೋಟ್‌ಬುಕ್ಕಿಗೆ ದಾರ ಕಟ್ಟಿ, ದಾರಕ್ಕೆ ಪೆನ್ಸಿಲ್ ಕಟ್ಟಿ, ಲಾರಿಯ ಮೀಟರನ್ನೂ ಬರೆಯತೊಡಗಿದ. ಒಂದು ಟ್ರಿಪ್ಪಿಗೆ ಒಂದು ಹಾಳೆ. ಹೋಗುವಾಗಿನದು ಮುಂದೆ, ಬರುವಾಗಿನದು ಹಿಂದೆ. ಸಿಂಧನೂರಿನ ಕಾಲುವೆ ಸೇತುವೆ, ಮಸ್ಕಿ ಹಳ್ಳ, ಏರು, ಲಿಂಗಸುಗೂರು. ಈ ನಾಲ್ಕು ಜಾಗ, ಅಲ್ಲಿ ದಾಟಿದ ಗಂಟೆ, ಮೀಟರಿನ ಅಂಕಿ. ಇಷ್ಟೇ.

ಮೂರು ತಿಂಗಳ ಹಾಳೆಗಳಲ್ಲಿ ಏರಿನ ಮುಂದೆ ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು. ಕೊನೆಯ ನಾಲ್ಕು ಹಾಳೆಗಳಲ್ಲಿ ಮಾತ್ರ ಹನ್ನೆರಡು, ಹತ್ತು, ಎಂಟು. ಕೊನೆಯದರಲ್ಲಿ ಆರು, ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಸಮ ರಸ್ತೆಯ ಅಂಕಿಗಳೂ ಅದೇ ಜಾಡಿನಲ್ಲಿ ಇಳಿದಿದ್ದವು. ಹೆಚ್ಚು ಡೀಸೆಲ್ ಕುಡಿದು, ಒಳಗೆ ಬೆಂದು, ಚಕ್ರವೇ ಸವೆದ ಗಾಡಿಯ ಲಕ್ಷಣ ಅದು. ಓದಿದವರು ಯಾರಾದರೂ ಮೇಸ್ತ್ರಿಯ ಕಡೆಗೇ ಬೆರಳು ತೋರಿಸುತ್ತಾರೆ. ನಾನೂ ತೋರಿಸಿದ್ದೆ.

ಆದರೆ ಈ ಸೀಳು ಬಾಯಿಬಿಡುವುದು ಹತ್ತು ದಾಟಿದ ಮೇಲೆ. ಸಮ ರಸ್ತೆಯಲ್ಲಿ ಆ ಲಾರಿ ಹತ್ತು ದಾಟುವುದೇ ಇಲ್ಲ. ಸೀಳು ನಿಜವಾದರೆ ಸೇತುವೆಯ ಅಂಕಿ ಇಳಿಯಬಾರದಿತ್ತು. ಪುಸ್ತಕ ನಿಜವಾದರೆ ಸೀಳು ಬೇಕಾಗಿಯೇ ಇರಲಿಲ್ಲ.

ಮೋಟಾರ್‌ಸೈಕಲ್ ಹತ್ತಿ ದುರುಗಪ್ಪನ ಊರು ವಳಕಮದಿನ್ನಿಗೆ ಹೊರಟೆ. ಪುಸ್ತಕವನ್ನು ನನಗೆ ಕೊಟ್ಟವಳು ದುರುಗಪ್ಪನ ಹೆಂಡತಿ ಯಮನಮ್ಮ. ಅದು ಅವಳ ಕೈಗೆ ಹೇಗೆ ಬಂತೆಂದು ನಾನು ಕೇಳಿರಲಿಲ್ಲ. ಗಂಡ ಸತ್ತ ಮನೆಯಲ್ಲಿ ಪ್ರಶ್ನೆ ಹೆಚ್ಚು ಕೇಳಬಾರದು ಎಂಬ ನನ್ನ ದಾಕ್ಷಿಣ್ಯ ಅದು. ದಾಕ್ಷಿಣ್ಯಕ್ಕೆ ಬಸುರಾದವಳಿಗೆ ಹೆರಲು ಜಾಗವಿಲ್ಲ ಅನ್ನುತ್ತಾರೆ.

ಮಧ್ಯಾಹ್ನದ ಹೊತ್ತು. ಕಾಲುವೆಯ ಆಚೆ ಭತ್ತದ ಗದ್ದೆ ಹಸಿರಾಗಿತ್ತು. ಯಮನಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನನ್ನು ಕಂಡು ಸೆರಗು ಸರಿಪಡಿಸಿಕೊಂಡು ಎದ್ದಳು, ಒಳಗಿಂದ ನೀರು ತಂದಳು. ಅಳುವುದು ಮುಗಿದು ಕಣ್ಣು ಒಣಗಿದ್ದವು. ಆ ಒಣಗಿದ ಕಣ್ಣು ನೋಡಿ ನನಗೆ ಸಂಕಟವಾಯಿತು.

ಪುಸ್ತಕ ತಂದುಕೊಟ್ಟವನು ಅಮೀನ್‌ಸಾಬ್ ಎಂದಳು. ಏರಿನಿಂದ ಲಾರಿ ಎಳೆದು ತರಲು ಪೊಲೀಸರು ಕರೆದದ್ದು ಅವನನ್ನೇ, ಸೀಟಿನ ಮೇಲೆ ಸಿಕ್ಕಿತಂತೆ. ಮೂರನೆಯ ದಿನ ಬಂದು ಕೈಗಿಟ್ಟು, ನೆಲಕ್ಕೆ ಕುಳಿತು ಅತ್ತನಂತೆ.

ಅವಳಿಗೆ ಓದು ಬಾರದು. ಆದರೂ ಪುಸ್ತಕ ಬಿಚ್ಚಿ ಅವಳ ಮುಂದಿಟ್ಟೆ. ಗಂಡನ ಪೆನ್ಸಿಲಿನ ಗೆರೆಗಳ ಮೇಲೆ ಬೆರಳಾಡಿಸುತ್ತ ಅವಳು ಹಳೆಯದೊಂದನ್ನು ನೆನೆದಳು.

"ಬರೂವಾಗಿಂದು ಕೆಳಗಿಂದ ಮ್ಯಾಲಕ್ಕ ಬರೀತಿದ್ದರಿ. ನಾ ಒಮ್ಮೆ ನಕ್ಕಿದ್ದೆ, ಇದ್ಯಾಕ ತಿರುಗಾಮುರುಗಾ ಅಂತ. ಅದಕ್ಕ ಅವರು, ಕಾಲುವಿ ಪುಸ್ತಕದಾಗ ಮ್ಯಾಲಿನ ಗೇಟು ಮ್ಯಾಲ, ಟೇಲಿನ ಗೇಟು, ಅಂದ್ರ ಕಾಲುವಿ ಕೊನಿದು, ಕೆಳಗ. ನನ್ನ ಸೈಕಲ್ ಯಾ ಕಡಿ ಹೊಂಟ್ರೂ ನೀರು ತಿರುಗತಾವೇನು ಅಂದರಿ."

ನಾನು ಪುಸ್ತಕವನ್ನು ಕಿತ್ತುಕೊಂಡೆ ಎಂದೇ ಹೇಳಬೇಕು.

ಹೌದು. ಹಳೆಯ ಹಾಳೆಗಳನ್ನು ತಿರುಗಿಸಿ ನೋಡಿದರೆ ಪ್ರತಿಯೊಂದರಲ್ಲೂ ಕಾಲುವೆ ಸೇತುವೆ ಮೇಲೆ, ಲಿಂಗಸುಗೂರು ಕೆಳಗೆ. ಬರುವ ದಾರಿಯಲ್ಲಿ ಗಂಟೆಗಳು ಕೆಳಗಿನ ಸಾಲಿನಿಂದ ಮೇಲಕ್ಕೆ ಹತ್ತಿದ್ದವು. ಕೊನೆಯ ಹಾಳೆಗಳಿಗೆ ಬಂದೆ. ಬರುವ ದಾರಿಯ ಮೂರು ಪುಟಗಳಲ್ಲೂ ಲಿಂಗಸುಗೂರು ಮೇಲೆ ಕುಳಿತಿತ್ತು, ಸೇತುವೆ ಕೆಳಗೆ. ಎಲ್ಲರೂ ಬರೆಯುವ ಹಾಗೆ, ಮೊದಲು ಸಿಕ್ಕ ಊರು ಮೊದಲು.

ದುರುಗಪ್ಪ ಹಾಗೆ ಬರೆಯುವವನಲ್ಲ. ಅಂಕಿ ನಕಲು ಮಾಡುವುದು ದೊಡ್ಡ ವಿದ್ಯೆಯಲ್ಲ. ಕಾಲುವೆಯ ಮೇಲೆ ಹನ್ನೆರಡು ವರ್ಷ ತಿರುಗಿದವನ ಕೈಯನ್ನು ನಕಲು ಮಾಡಲಾಗದು.

ಆರು ದಿನ ಆ ಪುಸ್ತಕ ನನ್ನ ಚೀಲದಲ್ಲಿತ್ತು. ಒತ್ತಡದ ಅಂಕಿ ಓದಿದೆ, ಗಂಟೆ ಯಾವ ಕಡೆ ಓಡುತ್ತಿದೆ ಎಂದು ನೋಡಲಿಲ್ಲ. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು.

ಹೊರಡುವಾಗ ಯಮನಮ್ಮ ಇನ್ನೊಂದು ಮಾತು ಹೇಳಿದಳು. ಆ ಮಂಗಳವಾರ ಬೆಳಿಗ್ಗೆ ಅವನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಲಕೋಟೆಯನ್ನು ಅಂಗಿಯೊಳಗೆ ಇಟ್ಟುಕೊಂಡನಂತೆ. ಯಾರಿಗೆ ಅಂತ ಕೇಳಿದರೆ ಹೇಳಲಿಲ್ಲವಂತೆ.

"ಇದೊಂದು ಮುಟ್ಟಿಸಿ ಬಂದ್ರ ನಂಗ ನಿದ್ದಿ ಬರತೈತಿ ಅಂದರಿ. ಇದನ್ನ ಮಣ್ಣು ಮಾಡಿದ ದಿನಾನ ಅಮೀನಣ್ಣಗ ಹೇಳೀನಿ, ಈಗ ನಿಮಗ."

ಸತ್ತವನ ಅಂಗಿಯಲ್ಲಿ ಲಕೋಟೆ ಇರಲಿಲ್ಲ. ಠಾಣೆಯ ಪಂಚನಾಮೆಯನ್ನು ನಾನೇ ಓದಿದ್ದೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ಪೈಪು ಸುಳ್ಳು, ಪುಸ್ತಕವೂ ಸುಳ್ಳು. ಅದೂ ಒಂದರ ಮುಖ ಒಂದು ನೋಡದ ಸುಳ್ಳುಗಳು. ಪೈಪು ಕೊಯ್ದವನಿಗೆ ಪುಸ್ತಕದ ಸುದ್ದಿ ಗೊತ್ತಿಲ್ಲ, ಪುಸ್ತಕ ತಿದ್ದಿದವನಿಗೆ ಪೈಪಿನ ಸುದ್ದಿ ಗೊತ್ತಿಲ್ಲ. ಕೈಗಳು ಎರಡು. ಅದರಲ್ಲಿ ಒಂದು ಯಾರದೆಂದು ನನಗೆ ಗೊತ್ತಾಗಿತ್ತು.

ಮಸ್ಕಿಗೆ ಬಂದಾಗ ನಾಲ್ಕು ದಾಟಿತ್ತು. ಶೆಡ್ಡಿನ ಎದುರಿನ ಹೋಟೆಲಿನಲ್ಲಿ ನನ್ನ ಗುಮಾಸ್ತ ರಾಮಣ್ಣ ಕಾಯುತ್ತಿದ್ದ. ನಾನೇ ಬಸ್ಸಿಗೆ ಬರಲು ಹೇಳಿದ್ದೆ. ಹನ್ನೊಂದು ವರ್ಷದಿಂದ ನನ್ನ ವರದಿಗಳನ್ನು ಟೈಪ್ ಮಾಡುವವನು, ನಾನು ಊರಲ್ಲಿಲ್ಲದ ದಿನ ಆಫೀಸು ತೆರೆಯುವವನು. ಎರಡನೆಯ ಚಾವಿ ಅವನ ಉಡಿದಾರದಲ್ಲೇ ಇರುತ್ತದೆ. ಮೊನ್ನೆ ನಾನು ಹೇಳಿ ಬರೆಸಿದ ವರದಿಯನ್ನು ಮೂರು ಪ್ರತಿ ಮಾಡಿ ತಂದಿದ್ದ. ಮೇಸ್ತ್ರಿಯ ತಪ್ಪು ಎಂಬ ಸಾಲಿನ ಕೆಳಗೆ ಸಹಿಗೆ ಜಾಗ ಬಿಟ್ಟಿದ್ದ. ಸ್ವಲ್ಪ ತಾಳು ಎಂದು ಹೇಳಿ ನಾನು ಶೆಡ್ಡಿನೊಳಗೆ ಹೋದೆ.

ಅಮೀನ್‌ಸಾಬ್ ಕಬ್ಬಿಣದ ಪೆಟ್ಟಿಗೆಯ ಮೇಲೆ ಕುಳಿತಿದ್ದ. ಪುಸ್ತಕವನ್ನು ಅವನ ಮೊಣಕಾಲ ಮೇಲಿಟ್ಟೆ.

"ಮೇಸ್ತ್ರಿ, ಕೊನಿ ನಾಕು ಹಾಳಿ ನೀನ ಬರ್ದೀ."

ಅವನು ಇಲ್ಲ ಅನ್ನಲಿಲ್ಲ. ಪುಸ್ತಕವನ್ನು ಮುಟ್ಟಲೂ ಇಲ್ಲ.

ದುರುಗಪ್ಪ ಟೇಲಿನಿಂದ ಮೇಲಕ್ಕೆ ಬರೆಯುತ್ತಿದ್ದ ಕ್ರಮವನ್ನು ಅವನಿಗೆ ವಿವರಿಸಿದೆ. ಕೇಳುತ್ತ ಕೇಳುತ್ತ ಅವನ ತಲೆ ಎದೆಗೆ ಇಳಿಯಿತು. ಮೂರು ತಿಂಗಳು ತಿಂಗಳಿಗೊಮ್ಮೆ ಆ ಪುಸ್ತಕ ನೋಡಿದ್ದೇನೆ, ಏರಿನ ಅಂಕಿ ಬಿಟ್ಟು ಬೇರೆ ನೋಡಲಿಲ್ಲ ಎಂದ. ನಾನೂ ನೋಡಿರಲಿಲ್ಲ ಎಂದು ನಾನು ಹೇಳಲಿಲ್ಲ.

"ಇನ್ನೊಬ್ಬನ ಕುತ್ತಿಗಿಗೆ ಹಗ್ಗ ಹಾಕಾಕ ಸುಳ್ಳು ಬರಿಯೋರನ್ನ ಕಂಡೀನಿ. ನೀ ನಿನ್ನ ಕುತ್ತಿಗಿಗೇ ಹಾಕ್ಕೊಂಡಿ. ಯಾಕ?"

"ನಾ ಜೇಲಿಗೆ ಹೋದ್ರ ಮಾತು ಅಲ್ಲಿಗೇ ಮುಗೀತೈತ್ರಿ," ಎಂದ. "ಲಾರಿ ಯಾಕ ನಿಂತು ಅಂತ ಮತ್ತ ಯಾರೂ ಕೇಳಂಗಿಲ್ಲ. ಯಮನಮ್ಮ ಉಳೀತಾಳ."

ಅವಳಿಗೇನು ಅಪಾಯ ಎಂದು ಕೇಳಿದೆ. ಲಕೋಟೆಯನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ ಎಂದ. ಅದಕ್ಕಾಗಿ ಒಂದು ಜೀವ ತೆಗೆದವರಿಗೆ ಇನ್ನೊಂದು ಭಾರವಲ್ಲ ಎಂದ. ಠಾಣೆಗೆ ಯಾಕೆ ಹೇಳಲಿಲ್ಲ, ಹೋಗಲಿ, ನನಗೆ ಯಾಕೆ ಹೇಳಲಿಲ್ಲ ಎಂದು ನಾನು ಗದರಿದೆ. ನನ್ನ ದನಿ ಏರಿದ್ದಕ್ಕೆ ದಾವಲ್‌ಬೀ ಬಾಗಿಲಿಗೆ ಬಂದು ನಿಂತಳು.

ಅಮೀನ್‌ಸಾಬ್ ಮೊದಲ ಸಲ ನನ್ನ ಕಣ್ಣು ನೋಡಿದ.

"ನಿಮಗ ಹೆಂಗ ಹೇಳ್ಲಿರಿ? ನಿಮ್ಮ ಹೆಸರಿನ ಅಂಜಿಕಿಗೇ ನಾ ಬರ್ದಿದ್ದು."

ನನ್ನ ಹೆಸರು ಯಾಕೆ ಬಂತು ಎಂದು ಕೇಳಿದೆ.

ಅವನು ಎದ್ದು, ಕುಳಿತಿದ್ದ ಪೆಟ್ಟಿಗೆಯನ್ನೇ ತೆರೆದ. ಸ್ಪ್ಯಾನರುಗಳ ಕೆಳಗೆ ಒಂದು ಬಟ್ಟೆಯ ಗಂಟು. ಅದರೊಳಗೆ ದುರುಗಪ್ಪನ ಪುಸ್ತಕದಿಂದ ಕಿತ್ತ ನಾಲ್ಕು ಹಾಳೆ. ಮೂರನ್ನು ಬದಿಗಿಟ್ಟು ನಾಲ್ಕನೆಯದನ್ನು ಹಿಡಿದುಕೊಂಡು ನಿಂತ, ಕೊಡಲೋ ಬೇಡವೋ ಎಂಬಂತೆ.

"ಇವತ್ತು ಪೈಪು ಸೀಳಿದ್ದು ನಾನೂ ನೋಡ್ದೆ. ನನ್ನ ಕಸಂ, ಅದು ನನ್ನ ಕೆಲಸ ಅಲ್ಲ. ನೀವು ಖೂನಿ ಮಾಡ್ದೋರ ಮಂದಿ ಆಗಿದ್ರ ಬೆಳಿಗ್ಗೇನ ಸಹಿ ಮಾಡಿ ಹೋಗ್ತಿದ್ರಿ. ಮಾಡ್ಲಿಲ್ಲ. ಅದಕ್ಕ ಕೊಡಾಕತ್ತೀನಿ."

ಹಾಳೆ ತೆಗೆದುಕೊಂಡೆ. ಆ ಮಂಗಳವಾರದ ತಾರೀಖು. ಕಾಲುವೆ ಸೇತುವೆ, ಒಂಬತ್ತು ನಲವತ್ತು ಗಂಟೆ, ಒತ್ತಡ ಒಂಬತ್ತು. ಮಸ್ಕಿ ಹಳ್ಳ, ಹತ್ತೂವರೆ, ಒತ್ತಡ ಹತ್ತು.

ಏರು. ಹತ್ತು ಐವತ್ತು. ಹದಿನಾಲ್ಕು.

ನೂರಾರು ಚೀಲ ಹೊತ್ತ ಆ ಲಾರಿ ಏರಿನಲ್ಲಿ ನಿಂತೇ ಇರಲಿಲ್ಲ. ಸಲೀಸಾಗಿ ಹತ್ತಿ ಹೋಗಿತ್ತು. ಅಮೀನ್‌ಸಾಬನ ಕೈಯಲ್ಲಿ ದೋಷವಿರಲಿಲ್ಲ, ಲಾರಿಯಲ್ಲೂ ಇರಲಿಲ್ಲ. ನನ್ನ ಕಣ್ಣು ಮಂಜಾಯಿತು. ಸತ್ತವನು ತನ್ನ ಮೇಸ್ತ್ರಿಗೆ ಬರೆದುಕೊಟ್ಟ ಸಾಕ್ಷಿ ಅದು, ಆ ಸಾಕ್ಷಿಯನ್ನು ಮೇಸ್ತ್ರಿ ಅವನ ಹೆಂಡತಿಗಾಗಿ ಸ್ಪ್ಯಾನರಿನ ಕೆಳಗೆ ಹೂತಿಟ್ಟಿದ್ದ.

ಹಾಳೆಯನ್ನು ತಿರುಗಿಸಿದೆ. ಹಿಂದಿನ ಪುಟದಲ್ಲಿ ಕೆಳಗಿನ ಸಾಲು ಮಾತ್ರ ತುಂಬಿತ್ತು. ಲಿಂಗಸುಗೂರು, ಹನ್ನೆರಡೂಕಾಲು. ಮೇಲಿನ ಮೂರು ಸಾಲು ಖಾಲಿ.

ದುರುಗಪ್ಪ ಲಿಂಗಸುಗೂರು ಮುಟ್ಟಿದ್ದ. ಅಕ್ಕಿ ಇಳಿಸದೆ ವಾಪಸು ಹೊರಟಿದ್ದ. ಲಾರಿ ಪೊಲೀಸರಿಗೆ ಏರಿನ ಮೇಲೆ ಸಿಕ್ಕಿದ್ದು ಎರಡು ಗಂಟೆಗೆ, ಅಕ್ಕಿಯ ಸಮೇತ, ಲಿಂಗಸುಗೂರಿನ ಕಡೆ ಮುಖ ಮಾಡಿ. ಅವನು ಸತ್ತ ಮೇಲೆ ಯಾರೋ ಲಾರಿಯನ್ನು ತಿರುಗಿಸಿ ನಿಲ್ಲಿಸಿ, ಪೈಪು ಕೊಯ್ದಿದ್ದರು.

"ಹೋಗೂವಾಗಿನ ಪುಟದ ಕೊನಿ ಸಾಲು ಓದ್ರಿ," ಎಂದ ಅಮೀನ್‌ಸಾಬ್, ಮೆಲ್ಲಗೆ.

ಓದಿದೆ. ಲಿಂಗಸುಗೂರು, ಹನ್ನೊಂದು ನಲವತ್ತು. ಅಂಕಿ ಬರೆಯುವ ಜಾಗದಲ್ಲಿ ಅಂಕಿ ಇರಲಿಲ್ಲ, ಪೆನ್ಸಿಲಿನಲ್ಲಿ ಒತ್ತಿ ಬರೆದ ಮೂರು ಪದಗಳಿದ್ದವು. ಸರ್ವೇಯರ್ ಆಫೀಸು. ಕೊಟ್ಟೆ.

ಆ ಹೊತ್ತಿಗೆ ನಾನು ರಾಯಚೂರಿನಲ್ಲಿದ್ದೆ. ರಾತ್ರಿ ಬಂದು, ಯಾರಾದರೂ ಬಂದಿದ್ದರೇನು ಎಂದು ಕೇಳಿದ್ದೆ. ಒಂದು ನರಪಿಳ್ಳೆಯೂ ಬಂದಿಲ್ಲ ಎಂಬ ಉತ್ತರ ಸಿಕ್ಕಿತ್ತು. ನಂಬಿದ್ದೆ. ಹನ್ನೊಂದು ವರ್ಷ ನಾನು ನಂಬಿದವನ ಮಾತದು. ದೀಪದ ಬುಡದಲ್ಲೇ ಕತ್ತಲೆ ಎಂಬುದನ್ನು ಎಷ್ಟು ಜನರಿಗೆ ನಾನೇ ಹೇಳಿದ್ದೆನೋ.

ಶೆಡ್ಡಿನ ಬಾಗಿಲಲ್ಲಿ ಬೆಳಕು ಅಡ್ಡವಾಯಿತು. ತಿರುಗಿ ನೋಡಿದೆ. ರಾಮಣ್ಣ ನಿಂತಿದ್ದ. ಒಂದು ಕೈಯಲ್ಲಿ ವರದಿಯ ಮೂರು ಪ್ರತಿ, ಇನ್ನೊಂದರಲ್ಲಿ ಮುಚ್ಚಳ ತೆಗೆದ ಪೆನ್ನು.

"ಸಾಹೇಬ್ರ, ಐದಾಗಾಕ ಬಂತು," ಎಂದ. "ಸಹಿ ಮಾಡ್ತೀರೇನ್ರಿ?"

ಹೇಳುವಾಗ ಅವನು ನೋಡುತ್ತಿದ್ದದ್ದು ನನ್ನ ಕೈಯಲ್ಲಿದ್ದ ಹಾಳೆಯನ್ನು.